ಹಳೆಯ 7206ರ ಎಂಜಿನ್ ಬದಲಿಸುವ ಮುಂಚೆ

ದಾವಣಗೆರೆಯ ಒಂದೆರಡು ಕೇಬಲ್ ಇಂಟರ್ನೆಟ್ ಆಫೀಸುಗಳಲ್ಲಿ, ಒಂದು ಕಾಲೇಜು ಲ್ಯಾಬಿನಲ್ಲಿ ಸಿಸ್ಕೊ 7206 ವಿಎಕ್ಸ್‌ಆರ್ ರೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಕಂಪನಿ ಇದನ್ನು ಮಾರುವುದನ್ನು ಎಂದೋ ನಿಲ್ಲಿಸಿದೆ. ಆದರೂ ಬಿಡಿಭಾಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತದೆ, ಕೆಲಸಕ್ಕೂ ಮೋಸವಿಲ್ಲ. "ಎಂಜಿನ್ ಬದಲಿಸಿದರೆ ಸ್ಪೀಡ್ ಬರುತ್ತಾ ಸರ್?" ಅಂತ ಕೇಳುವವರು ಜಾಸ್ತಿ. ಎಂಜಿನ್ ಅಂದರೆ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ಸಾಗಿಸುವ ಪ್ರೊಸೆಸರ್ ಬೋರ್ಡ್.

ಮೊದಲು ಅಳೆದು ನೋಡಿ. ಸಂಜೆ ಜನ ಮನೆಗೆ ಬಂದು ವಿಡಿಯೊ ಹಚ್ಚುವ ಹೊತ್ತಿಗೆ ರೂಟರ್‌ಗೆ 'ಶೋ ಪ್ರೊಸೆಸಸ್ ಸಿಪಿಯು' ಕಮಾಂಡ್ ಕೊಡಿ. ಐದು ಸೆಕೆಂಡಿನ ಲೆಕ್ಕದಲ್ಲಿ 90%/85% ಅಂತ ಎರಡು ಅಂಕಿ ಕಾಣುತ್ತವೆ. ಮೊದಲನೆಯದು ಒಟ್ಟು ಹೊರೆ. ಎರಡನೆಯದು ಇಂಟರಪ್ಟ್ ಹೊರೆ, ಅಂದರೆ ಹೆಚ್ಚುಕಡಿಮೆ ಪ್ಯಾಕೆಟ್ ಸಾಗಿಸುವ ಕೆಲಸ. ಎರಡೂ ಹತ್ತಿರ ಇದ್ದರೆ ಟ್ರಾಫಿಕ್ಕೇ ಜಾಸ್ತಿ, ದೊಡ್ಡ ಎಂಜಿನ್ ಉಪಯೋಗಕ್ಕೆ ಬರುತ್ತದೆ. 90%/20% ಅಂತಿದ್ದರೆ ಒಳಗೆ ಯಾವುದೋ ಪ್ರೊಸೆಸ್ ಸಿಪಿಯು ತಿನ್ನುತ್ತಿದೆ. ಅದನ್ನು ಹುಡುಕಿ, ಸುಮ್ನೆ ದುಡ್ಡು ಹಾಕಬೇಡಿ.

ಪೆಟ್ಟಿಗೆಯ ಮುಂದುಗಡೆ ಆರು ಪೋರ್ಟ್ ಅಡಾಪ್ಟರ್ (ಕೇಬಲ್ ಸಿಕ್ಕಿಸುವ ಕಾರ್ಡ್) ಸ್ಲಾಟ್, ಕೆಳಗೆ ಐ/ಒ ಕಂಟ್ರೋಲರ್, ಅಂದರೆ ಕನ್ಸೋಲ್ ಪೋರ್ಟ್, ಮೆಮೊರಿ ಇರುವ ಬೋರ್ಡ್. ಕನ್ಸೋಲ್ ಅಂದರೆ ಲ್ಯಾಪ್‌ಟಾಪ್ ಸಿಕ್ಕಿಸಿ ರೂಟರ್‌ಗೆ ನೇರ ಕಮಾಂಡ್ ಕೊಡುವ ದಾರಿ. ಎಂಜಿನ್, ಅಂದರೆ ಎನ್‌ಪಿಇ, ಹಿಂದುಗಡೆ ಇದೆ. ಎರಡು ಪವರ್ ಸಪ್ಲೈಗಳೂ ಅಲ್ಲೇ. ಪೋರ್ಟ್ ಅಡಾಪ್ಟರನ್ನು ರೂಟರ್ ಓಡುತ್ತಿರುವಾಗಲೇ ತೆಗೆಯಬಹುದು. ಒಂದು ಸಲಕ್ಕೆ ಒಂದೇ ತೆಗೆಯಿರಿ, ಕನ್ಸೋಲ್‌ನಲ್ಲಿ ಮೆಸೇಜ್ ನಿಂತ ಮೇಲೆ ಮುಂದಿನದು. ಎರಡು ಪವರ್ ಸಪ್ಲೈ ಇದ್ದರೆ ಒಂದನ್ನೂ ಹಾಗೇ ಬದಲಿಸಬಹುದು. ಎನ್‌ಪಿಇ ಮಾತ್ರ ಹಾಗಲ್ಲ. ಎರಡೂ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತೇ ಅದನ್ನು ಮುಟ್ಟಬೇಕು.

ಇಲ್ಲಿ ಹೆಚ್ಚಾಗಿ ನಡೆಯುವುದು ಎನ್‌ಪಿಇ-400 ತೆಗೆದು ಎನ್‌ಪಿಇ-ಜಿ1 ಹಾಕುವುದು. ಜಿ1 ವಿಎಕ್ಸ್‌ಆರ್ ಪೆಟ್ಟಿಗೆಯಲ್ಲಿ ಮಾತ್ರ ಓಡುತ್ತದೆ. ಅದರ ಮೇಲೇ ಮೂರು ಗಿಗಾಬಿಟ್ ಪೋರ್ಟ್, ಕನ್ಸೋಲ್, ಕಾಂಪ್ಯಾಕ್ಟ್ ಫ್ಲ್ಯಾಶ್ ಜಾಗ ಇವೆ. ಹಾಗಾಗಿ ಐ/ಒ ಕಂಟ್ರೋಲರ್ ಇಲ್ಲದೆಯೂ ನಡೆಯುತ್ತದೆ. ಅದಕ್ಕಿಂತ ಹೊಸ ಎನ್‌ಪಿಇ-ಜಿ2 ಕೊಳ್ಳುವವರು ಇನ್ನೊಂದು ನೋಡಿ: ಅದಕ್ಕೆ ಸಿ7200ಪಿ ಅಂತ ಶುರುವಾಗುವ ಐಒಎಸ್ (ರೂಟರ್ ಸಾಫ್ಟ್‌ವೇರ್) ಇಮೇಜೇ ಬೇಕು, ಹಳೆಯ ಸಿ7200 ಇಮೇಜ್ ಏಳುವುದಿಲ್ಲ.

ತೊಂದರೆ ಬರುವುದು ಸ್ಕ್ರೂಡ್ರೈವರ್ ಹಿಡಿದಾಗ ಅಲ್ಲ, ಕಾನ್ಫಿಗ್‌ನಲ್ಲಿ, ಅಂದರೆ ರೂಟರ್‌ನ ಸೆಟ್ಟಿಂಗ್‌ಗಳಲ್ಲಿ. ಹಳೆಯ ಕಾನ್ಫಿಗ್ ಐ/ಒ ಕಂಟ್ರೋಲರ್‌ನ ಎನ್‌ವಿರ‍್ಯಾಮ್‌ನಲ್ಲಿ (ಪವರ್ ಹೋದರೂ ಉಳಿಯುವ ಮೆಮೊರಿಯಲ್ಲಿ) ಕೂತಿರುತ್ತದೆ. ಆ ಕಂಟ್ರೋಲರ್ ತೆಗೆದರೆ ಜೊತೆಗೆ ಅದೂ ಹೋಯಿತು. ಆದ್ದರಿಂದ ಹಿಂದಿನ ದಿನವೇ 'ಶೋ ರನ್', 'ಶೋ ವರ್ಷನ್', 'ಶೋ ಡಯಾಗ್' ಮೂರನ್ನೂ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಪೋರ್ಟ್ ಹೆಸರು ತಿದ್ದಿ. ಕಂಟ್ರೋಲರ್ ಮೇಲೆ ಫಾಸ್ಟ್‌ಇಥರ್ನೆಟ್ 0/0 ಇದ್ದದ್ದು ಜಿ1ರಲ್ಲಿ ಗಿಗಾಬಿಟ್‌ಇಥರ್ನೆಟ್ 0/1 ಆಗುತ್ತದೆ. ರೂಟ್, ನ್ಯಾಟ್, ಆಕ್ಸೆಸ್ ಲಿಸ್ಟ್, ಎಲ್ಲಿ ಹಳೆಯ ಹೆಸರಿದೆಯೋ ಅಲ್ಲೆಲ್ಲ ಬದಲಿಸಿ. ಇದಕ್ಕೆ ಒಂದು ಸಂಜೆ ಹೋದರೆ ಹೋಗಲಿ, ಗಿರಾಕಿಗಳ ಫೋನ್ ಬರುವಾಗ ಕೂತು ತಿದ್ದುವುದಕ್ಕಿಂತ ವಾಸಿ.

ಬೆಳಗಿನ ಜಾವ ಕೆಲಸ ಇಟ್ಟುಕೊಳ್ಳಿ. ಕೈಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿ. ಬೇಸಿಗೆಯ ಒಣ ಹವೆಯಲ್ಲಂತೂ ಬಿಡಲೇಬೇಡಿ. ಹಿಂದಿನ ಸ್ಕ್ರೂ ಸಡಿಲಿಸಿ, ಹಿಡಿಕೆ ಹಿಡಿದು ನೇರವಾಗಿ ಎಳೆಯಿರಿ, ಕೆಳಗೆ ಇನ್ನೊಂದು ಕೈ ಕೊಡಿ. ಹೊಸದನ್ನು ತಳ್ಳಿ, ಕೂತಿದ್ದು ಗೊತ್ತಾದ ಮೇಲೆ ಸ್ಕ್ರೂ ಬಿಗಿ ಮಾಡಿ. ಬರೀ ಸ್ಕ್ರೂ ತಿರುಗಿಸಿ ಒಳಗೆ ಎಳೆಸುವ ಚಾಳಿ ಬೇಡ, ಪಿನ್ ಸೊಟ್ಟಾಗುತ್ತದೆ.

ಪವರ್ ಕೊಟ್ಟಾಗ ಆರಂಭದ ಕಾನ್ಫಿಗ್ ಬೇಕಾ ಅಂತ ಕೇಳಿದರೆ 'ನೋ' ಅನ್ನಿ, ತಿದ್ದಿದ್ದನ್ನು ಅಂಟಿಸಿ. ಕನ್ಸೋಲ್ ಸುಮ್ಮನಿದೆಯಾ? ಐ/ಒ ಕಂಟ್ರೋಲರ್ ಉಳಿಸಿಕೊಂಡಿದ್ದರೆ ಅದರ ಕನ್ಸೋಲೇ ಕೆಲಸ ಮಾಡುತ್ತದೆ, ಜಿ1ರದ್ದಲ್ಲ. ಫೈಬರ್ ಲಿಂಕ್ ಏಳದಿದ್ದರೆ 'ಮೀಡಿಯಾ-ಟೈಪ್' ನೋಡಿ. ಒಂದೊಂದು ಪೋರ್ಟಿಗೂ ಆರ್‌ಜೆ-45, ಜಿಬಿಕ್ (ಫೈಬರ್ ಮಾಡ್ಯೂಲ್ ಸಿಕ್ಕಿಸುವ ಜಾಗ) ಎರಡೂ ಇವೆ, ಯಾವುದು ಅಂತ ನೀವೇ ಹೇಳಬೇಕು. ಅಂದಹಾಗೆ ಜಿ1ಕ್ಕೆ ಬೇಕಾದದ್ದು ದೊಡ್ಡ ಜಿಬಿಕ್. ಈಗಿನ ಚಿಕ್ಕ ಎಸ್‌ಎಫ್‌ಪಿ ತಂದರೆ ಹಿಡಿಸುವುದಿಲ್ಲ.

ಮುಂದುಗಡೆಯ ಕಾರ್ಡ್‌ಗಳಿಗೂ ಲೆಕ್ಕ ಇದೆ. 1, 3, 5ನೇ ಸ್ಲಾಟ್ ಒಂದು ಬಸ್ (ಡೇಟಾ ಓಡುವ ಒಳದಾರಿ), 2, 4, 6 ಇನ್ನೊಂದು. ಒಂದೊಂದು ಬಸ್ಸಿಗೆ 600 ಬ್ಯಾಂಡ್‌ವಿಡ್ತ್ ಪಾಯಿಂಟ್. ಗಿಗಾಬಿಟ್ ಕಾರ್ಡ್ 300 ತಿನ್ನುತ್ತದೆ. ಭಾರಿ ಕಾರ್ಡ್‌ಗಳನ್ನೆಲ್ಲ ಒಂದೇ ಕಡೆ ತುಂಬಬೇಡಿ. ಜಿ1ರ ಮೇಲಿನ ಪೋರ್ಟ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅದೇ ಅದರ ನಿಜವಾದ ಲಾಭ.

ಖಾಲಿ ಸ್ಲಾಟಿಗೆ ಬ್ಲ್ಯಾಂಕ್ ಪಟ್ಟಿ ಹಾಕಿ. ಇಲ್ಲದಿದ್ದರೆ ಗಾಳಿ ಅಡ್ಡದಾರಿ ಹಿಡಿದು ಕಾರ್ಡ್ ಬಿಸಿಯಾಗುತ್ತದೆ. ಮಂಡಕ್ಕಿ ಭಟ್ಟಿಗಳ ಹತ್ತಿರ ಆಫೀಸ್ ಇರುವವರು ತಿಂಗಳಿಗೊಮ್ಮೆ ಪಕ್ಕದ ಜಾಲರಿ ನೋಡಿ, ಅಲ್ಲಿಯ ಮಸಿ ಜಿಡ್ಡಾಗಿ ಹಿಡಿಯುತ್ತದೆ, ಬ್ಲೋವರ್‌ಗೆ ಹೋಗುವುದಿಲ್ಲ, ಬ್ರಷ್ಷೇ ಬೇಕು. 'ಶೋ ಎನ್ವಿರಾನ್‌ಮೆಂಟ್ ಆಲ್' ಕೊಟ್ಟು ಕೆಲಸದ ಮುಂಚಿನ ಬಿಸಿ, ಆಮೇಲಿನ ಬಿಸಿ ಎರಡನ್ನೂ ಬರೆದಿಡಿ. ತೆಗೆದ ಎನ್‌ಪಿಇ-400 ಅನ್ನು ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲಿ ಅದೇ ರ‍್ಯಾಕ್‌ನಲ್ಲಿ ಇಡಿ, ಹಳೆಯ ಐ/ಒ ಕಂಟ್ರೋಲರನ್ನೂ ಜೊತೆಗೇ. ಜಿ1 ಕೈಕೊಟ್ಟರೆ ಎರಡನ್ನೂ ವಾಪಸ್ ಹಾಕಿದಾಗ ಹಳೆಯ ಕಾನ್ಫಿಗ್‌ನೊಂದಿಗೇ ರೂಟರ್ ಏಳುತ್ತದೆ.