ಆಕಳಿಸಿದರೂ ನೋವೇ? ದವಡೆ ಕೀಲಿಗೂ ಬರುತ್ತದೆ ಸಂಧಿವಾತ

ಕಿವಿಯ ಮುಂದೆ ನೋವು, ಆಕಳಿಸಿದರೆ ಕಟಕ್ ಎಂಬ ಸದ್ದು. ಪರೀಕ್ಷಿಸಿದರೆ ಕಿವಿಯಲ್ಲಿ ಏನೂ ಇಲ್ಲ. ನಿಮಗೆ ರುಮಟಾಯ್ಡ್ ಸಂಧಿವಾತ, ಲೂಪಸ್ ಅಥವಾ ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಕೀಲುರೋಗ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದ್ದರೆ ದವಡೆ ಕೀಲಿನ ಮೇಲೂ ಗುಮಾನಿ ಇರಲಿ. ಬೆರಳಿನ ಗಂಟುಗಳಂತೆ ಅಲ್ಲೂ ಒಳಪೊರೆ ಉರಿದು ಊದಿಕೊಳ್ಳುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. (ನೋವಿಲ್ಲದೆ ಬರೀ ಸದ್ದಾದರೆ ತಲೆ ಕೆಡಿಸಿಕೊಳ್ಳಬೇಡಿ.)

ಮೊದಲು ಅಳೆದುಕೊಳ್ಳಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ನೋವಿಲ್ಲದೆ ಹಿಡಿಸಿದರೆ ಸರಿ. ಸ್ಕೇಲಿನಲ್ಲಿ ಹೇಳುವುದಾದರೆ ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿ.ಮೀ. ತೆರೆಯುತ್ತದೆ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಅಳೆದು ಬರೆದಿಡಿ.

ಬಹಳಷ್ಟು ಮಂದಿ ನೇರವಾಗಿ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ) ಹುಡುಕಿಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಮೂಲ ಕಾಯಿಲೆ ಹತೋಟಿಗೆ ಬಾರದೆ ದವಡೆ ತಣಿಯದು. ಆದ್ದರಿಂದ ಸಂಧಿವಾತದ ತಜ್ಞರಾದ ರುಮಟಾಲಜಿಸ್ಟ್‌ಗೆ ದವಡೆ ವಿಷಯ ನೀವಾಗಿಯೇ ಹೇಳಿ, ಎಷ್ಟೋ ಸಲ ಅವರು ಕೇಳುವುದೇ ಇಲ್ಲ. ಒಳಗಿನ ಉರಿಯೂತ ಎಂಆರ್‌ಐನಲ್ಲಿ ಚೆನ್ನಾಗಿ ಕಾಣುತ್ತದೆ. ಮೆಥೊಟ್ರೆಕ್ಸೇಟ್‌ನಂಥ ಮೂಲ ಕಾಯಿಲೆ ತಗ್ಗಿಸುವ ಔಷಧ ಕೆಲಸ ಮಾಡಲು ವಾರಗಳೇ ಹಿಡಿಯುತ್ತವೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವುದು ವಾರಕ್ಕೊಂದು ದಿನ ಮಾತ್ರ. ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ನೋವಿನ ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಇನ್ನು ಮನೆಯ ಕೆಲಸ. ಈ ಸಾಲು ಓದುವಾಗ ನಿಮ್ಮ ಮೇಲಿನ, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿವೆಯೇ? ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ತಾಗಿರಲಿ. ಫೋನ್ ರಿಂಗಾದಾಗಲೆಲ್ಲ ಇದನ್ನು ಪರೀಕ್ಷಿಸಿಕೊಳ್ಳಿ. ನಾಲಿಗೆಯನ್ನು ಅಲ್ಲೇ ಇಟ್ಟು, ಕನ್ನಡಿ ಮುಂದೆ ಗದ್ದ ಪಕ್ಕಕ್ಕೆ ವಾಲದಂತೆ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಐದಾರು ಸಲ ಸಾಕು, ನೋವಾದರೆ ಅಲ್ಲಿಗೇ ನಿಲ್ಲಿಸಿ. ಬಿಗಿತಕ್ಕೆ 15 ನಿಮಿಷ ಬಿಸಿ ಒದ್ದೆಬಟ್ಟೆ, ಊದಿಕೊಂಡು ಬಿಸಿಯಾದ ಕೀಲಿಗೆ ಬಟ್ಟೆ ಸುತ್ತಿದ ಐಸ್ 10 ನಿಮಿಷ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಿ. ಚ್ಯೂಯಿಂಗ್ ಗಮ್ ಬಿಡಿ. ನೋವು ಹೆಚ್ಚಿದ ದಿನ ಮೆತ್ತನೆಯದನ್ನೇ ತಿನ್ನಿ.

ನೈಟ್ ಗಾರ್ಡ್ ಹಾಕುವುದಾದರೆ ದಂತವೈದ್ಯರು ಅಳತೆ ತೆಗೆದು ಮಾಡಿಸಿದ್ದೇ ಇರಲಿ. ಕೀಲು ಸವೆದಾಗ ಹಿಂದಿನ ಹಲ್ಲು ಮಾತ್ರ ಕೂಡಿ, ಮುಂದೆ ಸಂದು ಬಿಡುವುದುಂಟು. ಕಾಯಿಲೆ ಕೆರಳಿರುವಾಗ ಅದನ್ನು ಸರಿಮಾಡಲು ದಂತವೈದ್ಯರಿಂದ ಹಲ್ಲು ತೇಯಿಸಿಕೊಳ್ಳಬೇಡಿ. ತೇಯ್ದದ್ದು ಮತ್ತೆ ಬರದು. ಇಷ್ಟಾದರೂ ಬಗ್ಗದಿದ್ದರೆ ಸೂಜಿಯಿಂದ ಕೀಲನ್ನು ತೊಳೆಯುವ ಚಿಕಿತ್ಸೆಯಿದೆ.

ಮಕ್ಕಳ ಸಂಧಿವಾತದಲ್ಲಿ ನೋವೇ ಇಲ್ಲದೆ ದವಡೆಯ ಬೆಳವಣಿಗೆ ಕುಂಠಿತವಾಗಬಹುದು. ಗದ್ದ ಒಂದು ಕಡೆಗೆ ವಾಲುತ್ತಿದ್ದರೆ ವೈದ್ಯರಿಗೆ ತೋರಿಸಿ. 50 ದಾಟಿದವರಿಗೆ ಅಗಿಯುವಾಗ ದವಡೆ ನೋವು, ಹೊಸದಾಗಿ ಕಣತಲೆಯ ನೋವು, ದೃಷ್ಟಿ ಮಂಜಾಗುವುದು ಕಂಡರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ಕಣ್ಣೇ ಹೋಗಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.