ಚೆಂಡು ಗ್ಲೋವ್‌ಗೆ ತಾಗಿತ್ತಾ? ಸಾಫ್ಟ್‌ಬಾಲ್‌ನಲ್ಲಿ ಡಿಕ್ಕಿಯಾದಾಗ ಔಟ್ ಯಾರು?

ಬೇಸ್‌ಬಾಲ್ ಥರದ ಆಟ ಸಾಫ್ಟ್‌ಬಾಲ್. ಎರಡನೇ ಬೇಸ್‌ನಲ್ಲಿ (ಓಡಿ ಮುಟ್ಟಬೇಕಾದ ಗುರುತಿನ ಜಾಗ) ರನ್ನರ್, ಅಂದ್ರೆ ಬ್ಯಾಟಿಂಗ್ ತಂಡದ ಓಟಗಾರ್ತಿ, ಇದ್ದಾಳೆ. ಬ್ಯಾಟರ್ ಬಲವಾಗಿ ಬಾರಿಸಿದ ಚೆಂಡು ನೆಲಕ್ಕೆ ಪುಟಿದು, ಚೆಂಡು ಎಸೆದ ಪಿಚರ್ ಕಡೆಗೇ ನುಗ್ಗುತ್ತದೆ. ಅವಳ ಗ್ಲೋವ್‌ನ ತುದಿ ಸವರಿ ದಿಕ್ಕು ಬದಲಿಸುತ್ತದೆ. ಎಡಕ್ಕೆ ಓಡುತ್ತಿದ್ದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಗಕ್ಕನೆ ತಿರುಗಿ ಚೆಂಡಿನ ಕಡೆ ಬರುತ್ತಾಳೆ. ಮೂರನೇ ಬೇಸ್‌ಗೆ ಓಡುತ್ತಿದ್ದ ರನ್ನರ್‌ಗೆ ಡಿಕ್ಕಿ. ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಫೀಲ್ಡಿಂಗ್ ತಂಡದ ಕೋಚ್ ‘ಇಂಟರ್‌ಫಿಯರೆನ್ಸ್’ ಅಂತ, ಅಂದ್ರೆ ರನ್ನರ್ ಫೀಲ್ಡರ್‌ಗೆ ಅಡ್ಡಿ ಮಾಡಿದಳು ಅಂತ, ಕೂಗುತ್ತಾರೆ. ಅಂಪೈರ್ ಮಾತ್ರ ಆಟ ನಿಲ್ಲಿಸುವುದಿಲ್ಲ.

ಅಂಪೈರ್ ಮಾಡಿದ್ದು ಸರಿ. ಅಮೆರಿಕದಲ್ಲಿ ಮಗಳ ಸಾಫ್ಟ್‌ಬಾಲ್ ನೋಡಲು ಹೋಗುವ ನಮ್ಮವರಿಗೆ ಇದು ಅರ್ಥವಾಗುವುದು ಕಷ್ಟ, ಯಾಕಂದ್ರೆ ಎಲ್ಲರೂ ನೋಡುವುದು ಡಿಕ್ಕಿಯನ್ನ. ನೋಡಬೇಕಾದ್ದು ಅದಕ್ಕೂ ಮುಂಚಿನ ಕ್ಷಣವನ್ನ. ಅಲ್ಲಿನ ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆಯ ನಿಯಮದ ಪ್ರಕಾರ ಲೆಕ್ಕ ಹಾಕುವುದು ಹೀಗೆ.

ಮೊದಲು ಕೇಳಿಕೊಳ್ಳಿ: ಡಿಕ್ಕಿಗೆ ಮುಂಚೆ ಯಾವುದಾದರೂ ಫೀಲ್ಡರ್‌ಗೆ ಚೆಂಡು ತಾಗಿತ್ತಾ?

ತಾಗಿಲ್ಲ ಅಂದ್ರೆ ನಿಯಮ ಬಹಳ ಕಟ್ಟುನಿಟ್ಟು. ಚೆಂಡು ಹಿಡಿಯಲು ಹೊರಟ ಫೀಲ್ಡರ್‌ಗೇ ಮೊದಲ ಹಕ್ಕು, ರನ್ನರ್ ಸುತ್ತಿಕೊಂಡು ಹೋಗಬೇಕು. ಬೇಕಂತ ಅಡ್ಡ ಬಂದಳಾ, ಗೊತ್ತಿಲ್ಲದೆ ಬಂದಳಾ ಅಂತ ಯಾರೂ ಕೇಳುವುದಿಲ್ಲ, ಅಡ್ಡಿಯಾದರೆ ಔಟ್. ಬೇಸ್ ಮೇಲೆ ಕಾಲಿಲ್ಲದ ರನ್ನರ್‌ಗೆ ಆ ಚೆಂಡು ಬಡಿದರೂ ಔಟ್. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತೆ. ಅಲ್ಲಿ ನಾನ್‌ಸ್ಟ್ರೈಕರ್‌ಗೆ ಚೆಂಡು ಸುಮ್ನೆ ಬಡಿದರೆ ಔಟ್ ಇಲ್ಲವಲ್ಲ! ಆದರೆ ಇಲ್ಲೂ ಒಂದು ವಿನಾಯಿತಿ ಇದೆ. ಚೆಂಡು ಒಬ್ಬ ಇನ್‌ಫೀಲ್ಡರ್‌ನ (ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್) ದಾಟಿಹೋಗಿ, ಆಮೇಲೆ ರನ್ನರ್‌ಗೆ ಬಡಿದು, ಔಟ್ ಮಾಡುವ ಅವಕಾಶ ಬೇರೆ ಇನ್‌ಫೀಲ್ಡರ್‌ಗೆ ಇರಲಿಲ್ಲವಾದರೆ ರನ್ನರ್ ಬಚಾವ್.

ಈ ವಿನಾಯಿತಿಯಲ್ಲಿ ಪಿಚರ್ ಲೆಕ್ಕಕ್ಕಿಲ್ಲ. ಬಹಳ ಜನ ಎಡವುವುದು ಇಲ್ಲೇ. ಪಿಚರ್ ಪಕ್ಕದಲ್ಲಿ ಚೆಂಡು ತಾಗದೆ ಹೋದರೆ ‘ಇನ್‌ಫೀಲ್ಡರ್‌ನ ದಾಟಿತು’ ಅಂತ ಆಗುವುದಿಲ್ಲ. ಆದರೆ ಅದೇ ಪಿಚರ್‌ಗೆ ತಾಗಿದರೆ, ಗ್ಲೋವ್‌ಗಾಗಲಿ ಮೊಣಕಾಲಿಗಾಗಲಿ, ಫೀಲ್ಡರ್‌ಗೆ ತಾಗಿದ ಲೆಕ್ಕವೇ. ದೊಡ್ಡ ಹುಡುಗಿಯರ ಆಟದಲ್ಲೂ ಬ್ಯಾಟರ್ ಆಡುವ ಹೋಮ್ ಪ್ಲೇಟ್‌ನಿಂದ ಬರೀ 43 ಅಡಿ ದೂರದಲ್ಲಿ ನಿಲ್ಲುವವಳು ಅವಳು, ಹಾಗಾಗಿ ಇಂಥ ಚೆಂಡುಗಳು ಅವಳ ಹತ್ತಿರವೇ ಜಾಸ್ತಿ ತಿರುಗುತ್ತವೆ.

ಚೆಂಡು ತಾಗಿದೆ ಅಂತಾದರೆ ಎರಡನೇ ಪ್ರಶ್ನೆ: ರನ್ನರ್ ಬೇಕಂತಲೇ ಅಡ್ಡ ಬಂದಳಾ?

ದಿಕ್ಕು ಬದಲಿಸಿದ ಚೆಂಡು ಎಲ್ಲಿಗೆ ಹೋಗುತ್ತೆ, ಅದರ ಬೆನ್ನು ಹತ್ತಿ ಯಾರು ಬರ್ತಾರೆ ಅಂತ ಓಡುತ್ತಿರುವವಳಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನಿಯಮ ಇಲ್ಲಿ ಸಡಿಲ. ತಪ್ಪಿಸಿಕೊಳ್ಳಲಾಗದೆ ಅವಳಿಗೆ ಚೆಂಡು ಬಡಿದರೂ, ಬೆನ್ನಟ್ಟಿ ಬಂದ ಫೀಲ್ಡರ್ ಅವಳಿಗೆ ಗುದ್ದಿದರೂ ಆಟ ಮುಂದುವರಿಯುತ್ತದೆ. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಉರುಳುವ ಚೆಂಡನ್ನು ಕಾಲಿಂದ ತಳ್ಳುವುದು, ಕೈ ಚಾಚುವುದು, ಓಟದ ದಾರಿ ಬಿಟ್ಟು ಫೀಲ್ಡರ್ ಕಡೆ ವಾಲುವುದು, ಇವೆಲ್ಲ ಉದ್ದೇಶ ತೋರಿಸುತ್ತವೆ. ಆ ಫೀಲ್ಡರ್‌ಗೆ ಔಟ್ ಮಾಡುವ ಅವಕಾಶ ಇದ್ದಿದ್ದರೆ ರನ್ನರ್ ಔಟ್. ಮೇಲಿನ ಉದಾಹರಣೆಯ ಹುಡುಗಿ ಹೀಗೇನೂ ಮಾಡಿರಲಿಲ್ಲ, ನೇರವಾಗಿ ಓಡುತ್ತಿದ್ದಳು. ಅದೇ ಚೆಂಡು ಪಿಚರ್ ಗ್ಲೋವ್‌ಗೆ ತಾಗದೆ ಶಾರ್ಟ್‌ಸ್ಟಾಪ್ ಕಡೆ ಹೋಗಿದ್ದು, ಅದನ್ನು ಹಿಡಿಯಲು ಬಂದವಳಿಗೆ ರನ್ನರ್ ಡಿಕ್ಕಿ ಹೊಡೆದಿದ್ದರೆ ಮರುಮಾತಿಲ್ಲದೆ ಔಟ್.

ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಇನ್ನೊಂದು ಅಳತೆ ಇದೆ. ಫೀಲ್ಡರ್ ತಾನೇ ಚೆಂಡು ಕೈಚೆಲ್ಲಿದರೂ, ಅದು ಮೊದಲು ತಾಗಿದ ಜಾಗದಿಂದ ಒಂದು ಹೆಜ್ಜೆ ಇಟ್ಟು ಕೈಚಾಚುವಷ್ಟು ದೂರದೊಳಗೆ ಇರುವವರೆಗೂ ಅವಳ ಹಕ್ಕು ಉಳಿಯುತ್ತದೆ. ಅದಕ್ಕಿಂತ ದೂರ ಹೋದರೆ ಇಲ್ಲ. ಹೀಗಾಗಿ ನೀವು ನೋಡಲು ಹೋಗುವ ಟೂರ್ನಿಯಲ್ಲಿ ಯಾವ ನಿಯಮಪುಸ್ತಕ ನಡೆಯುತ್ತೆ ಅಂತ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇಂಟರ್‌ಫಿಯರೆನ್ಸ್ ಅಂತ ತೀರ್ಪಾದರೆ ಚೆಂಡು ಅಲ್ಲಿಗೇ ಡೆಡ್, ಅಂದ್ರೆ ಆಟ ನಿಂತ ಹಾಗೆ. ರನ್ನರ್ ಔಟ್, ಬ್ಯಾಟರ್‌ಗೆ ಸಾಮಾನ್ಯವಾಗಿ ಮೊದಲ ಬೇಸ್. ಅವಳಿಗೆ ಜಾಗ ಬಿಡಬೇಕಾದವರು ಮುಂದಕ್ಕೆ ಹೋಗುತ್ತಾರೆ, ಉಳಿದವರು ಆ ಹೊತ್ತಿಗೆ ಕೊನೆಯದಾಗಿ ಮುಟ್ಟಿದ್ದ ಬೇಸ್‌ಗೆ ವಾಪಸ್. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ತಪ್ಪಿಸಲೆಂದೇ ಅಡ್ಡ ಬಂದಿದ್ದು ಸ್ಪಷ್ಟವಾಗಿದ್ದರೆ ಇನ್ನೊಬ್ಬಳೂ ಔಟ್.

ತೀರ್ಪು ಒಪ್ಪಿಗೆಯಾಗದಿದ್ದರೆ? ‘ಉದ್ದೇಶ ಇತ್ತು, ಇರಲಿಲ್ಲ’ ಅಂತ ವಾದಿಸಿ ಏನೂ ಪ್ರಯೋಜನವಿಲ್ಲ. ಅದು ಅಂಪೈರ್ ಕಣ್ಣಿಗೆ ಬಿಟ್ಟದ್ದು, ಅದರ ಮೇಲೆ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪ) ನಡೆಯುವುದಿಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಮಾತ್ರ ಪ್ರೊಟೆಸ್ಟ್, ಅದೂ ಮುಂದಿನ ಪಿಚ್‌ಗೆ ಮುಂಚೆ. ಆದ್ದರಿಂದ ಕೋಚ್ ಟೈಮ್ ಕೇಳಿ, ಅಂಪೈರ್ ಹತ್ತಿರ ಹೋಗಿ, ಮೆಲ್ಲಗೆ ಇಷ್ಟೇ ಕೇಳಬೇಕು: ‘ಚೆಂಡು ಪಿಚರ್‌ಗೆ ತಾಗಿದ್ದನ್ನ ನೀವು ನೋಡಿದ್ರಾ? ತಾಗಿದ್ದರೆ, ಔಟ್ ಕೊಟ್ಟಿದ್ದು ಬೇಕಂತ ಅಡ್ಡ ಬಂದಳು ಅಂತಾನಾ?’