ದೋಣಿ ತೊಳೆಯಲು ವೃತ್ತಿಪರರನ್ನು ಗೊತ್ತುಮಾಡುವುದು ಹೇಗೆ?

ಖಾಸಗಿ ದೋಣಿಯ ಶುಚಿಗೆ ಜನರನ್ನು ಗೊತ್ತುಮಾಡುವಾಗ ಹೆಚ್ಚಿನವರು ಮೊದಲು ದರ ವಿಚಾರಿಸುತ್ತಾರೆ. ಅದಕ್ಕಿಂತ ಮುಂಚೆ ವಿಚಾರಿಸಬೇಕಾದದ್ದು, ಯಾವ ಭಾಗಕ್ಕೆ ಯಾವ ದ್ರಾವಣ ಹಚ್ಚುತ್ತಾರೆ ಎಂಬುದನ್ನು. ಒಂದೇ ದೋಣಿಯಲ್ಲಿ ಫೈಬರ್‌ಗ್ಲಾಸ್, ತೇಗ, ಅಕ್ರಿಲಿಕ್, ಉಕ್ಕು ಎಲ್ಲವೂ ಇರಬಹುದು. ಒಂದಕ್ಕೆ ಒಗ್ಗುವ ದ್ರಾವಣ ಇನ್ನೊಂದನ್ನು ಕೆಡಿಸಬಲ್ಲದು.

ಆದ್ದರಿಂದ ಯಾರನ್ನೂ ಕರೆಯುವ ಮೊದಲು ದೋಣಿಯನ್ನು ಒಂದು ಸುತ್ತು ನೋಡಿ, ಯಾವ ಭಾಗ ಯಾವ ವಸ್ತುವಿನದು, ಎಲ್ಲಿ ಕಲೆಯಿದೆ, ಎಲ್ಲಿ ಬಿರುಕಿದೆ ಎಂದು ಬರೆದಿಟ್ಟುಕೊಂಡು ಚಿತ್ರ ತೆಗೆದುಕೊಳ್ಳಿ. ಬಳಿಕ ಸೇವೆಯವರನ್ನು ದೋಣಿಯ ಬಳಿಗೇ ಕರೆಸಿ. ಫೋನಿನಲ್ಲಿ ಉದ್ದವನ್ನಷ್ಟೇ ಕೇಳಿ ದರ ಹೇಳುವವರಿಗೆ, ಫೈಬರ್‌ಗ್ಲಾಸಿನ ನುಣುಪಾದ ಹೊರಪದರವಾದ, ಬಿಸಿಲಿಗೆ ಹೊಳಪು ಕಳೆದುಕೊಂಡ ಜೆಲ್‌ಕೋಟ್‌ ಅನ್ನು ಉಜ್ಜಿ ಪಾಲಿಶ್ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ತಿಳಿದಿರುವುದಿಲ್ಲ.

ಅನುಭವಸ್ಥರನ್ನು ಗುರುತಿಸಲು ತೇಗದ ಡೆಕ್ಕಿನ ಬಗ್ಗೆ ಕೇಳಿ. ಅದನ್ನು ಮೆದುವಾದ ಬ್ರಷ್ಷಿನಿಂದ ಮರದ ಎಳೆಗೆ ಅಡ್ಡಲಾಗಿ ಉಜ್ಜಬೇಕು. ಎಳೆಯ ಗುಂಟ ಬಿರುಸಾಗಿ ಉಜ್ಜಿದರೆ ಅಥವಾ ಒತ್ತಡದ ನೀರು ಹಾಯಿಸಿದರೆ ಮೆತ್ತನೆಯ ಭಾಗ ಕಿತ್ತುಹೋಗಿ ಮೇಲ್ಮೈ ಸಾಲುಸಾಲಾಗಿ ತಗ್ಗುಬೀಳುತ್ತದೆ. ಅಕ್ರಿಲಿಕ್ ಕಿಟಕಿಗೆ ಅಮೋನಿಯಾ ಇರುವ, ಗಾಜು ಒರೆಸುವ ದ್ರಾವಣ ಬಳಸುತ್ತೇವೆ ಎಂದವರನ್ನು ಅಲ್ಲಿಂದಲೇ ಕಳುಹಿಸಿಕೊಡಬಹುದು, ಏಕೆಂದರೆ ಅದರಿಂದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ.

ನೀರಿನೊಳಗಿನ ತಳದ ಮಾತೇ ಬೇರೆ. ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಅಲ್ಲಿ ಹಚ್ಚುವ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರವಿರುತ್ತದೆ; ದೋಣಿ ನೀರಿನಲ್ಲಿರುವಾಗಲೇ ಒರಟಾಗಿ ಉಜ್ಜಿದರೆ ಅದು ಸವೆದು ನೀರಿಗೆ ಸೇರುತ್ತದೆ. ದೋಣಿಯನ್ನು ಮೇಲಕ್ಕೆತ್ತಿ, ತೊಳೆದ ನೀರನ್ನು ಹಿಡಿದಿಡುವ ಜಾಗದಲ್ಲಿ ಈ ಕೆಲಸ ಮಾಡಿಸುವುದೇ ಸರಿ. ಮುಳುಗುಗಾರರನ್ನು ಇಳಿಸಲೇಬೇಕಾಗಿ ಬಂದರೆ ಎಂಜಿನ್ನಿನ ಕೀಲಿಕೈ ಅವರ ಬಳಿಯೇ ಇರಲಿ, ದಡದಿಂದ ದೋಣಿಗೆ ಎಳೆದ ವಿದ್ಯುತ್ ಸಂಪರ್ಕವನ್ನೂ ತೆಗೆಸಿ: ನೀರಿಗೆ ಸೋರುವ ವಿದ್ಯುತ್ತಿನಿಂದ ಜೀವ ಹೋಗಬಹುದು. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಬಿಲ್ಜ್‌ನಲ್ಲಿ, ಅಂದರೆ ದೋಣಿಯ ಒಳತಳದಲ್ಲಿ ನಿಂತ ಎಣ್ಣೆನೀರಿಗೆ ಸೋಪು ಬೆರೆಸಿ ಹೊರಗೆ ಪಂಪ್ ಮಾಡುವುದು ಕೆಲವರ ರೂಢಿ. ಸೋಪಿನಿಂದ ಎಣ್ಣೆ ಕರಗಿದಂತೆ ಕಂಡರೂ ಇಲ್ಲವಾಗುವುದಿಲ್ಲ. ಹೀರುಹಾಳೆಯಿಂದ ಎಣ್ಣೆ ತೆಗೆದು ಪ್ರತ್ಯೇಕವಾಗಿ ಒಯ್ಯಬೇಕೆಂದು ಒಪ್ಪಂದದಲ್ಲೇ ಬರೆಸಿ. ಭಾಗವಾರು ಕೆಲಸ, ಬಳಸುವ ದ್ರಾವಣಗಳು, ಹಾನಿಯಾದರೆ ಹೊಣೆ, ವಿಮೆಯ ಪ್ರತಿ ಇವೂ ಅದರಲ್ಲಿರಲಿ.

ಕೆಲಸದ ದಿನ ಮೊದಲು ಮೂಲೆಯಲ್ಲೊಂದು ಕಡೆ ಪರೀಕ್ಷೆ ಮಾಡಿಸಿ. ಒದ್ದೆಯಿದ್ದಾಗ ಎಲ್ಲವೂ ಹೊಳೆಯುವುದರಿಂದ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಹಳೆಯ ಚಿತ್ರಗಳೊಂದಿಗೆ ಹೋಲಿಸಿ ನೋಡಿಯೇ ಉಳಿದ ಹಣ ಕೊಡಿ.